ಮಾತಿನ ಬೆಲೆಯನ್ನು ತೆರುವವರು ಯಾರು?

ಮನುಷ್ಯನಿಗೆ ದೊರೆತಿರುವ ಸಂಪತ್ತುಗಳಲ್ಲಿ ಮಾತಿನಷ್ಟು ಸುಲಭವಾಗಿ ವ್ಯಯವಾಗುವುದು ಬೇರೊಂದಿಲ್ಲ. ಹಣವನ್ನು ಕೊಡುವಾಗ ಎಣಿಸಿ ಕೊಡುತ್ತೇವೆ; ಕಾಳನ್ನು ಅಳೆಯುವಾಗ ಸೇರು ಪಾವುಗಳ ಲೆಕ್ಕ ಹಿಡಿಯುತ್ತೇವೆ; ಮಾತನ್ನು ಮಾತ್ರ ಎಣಿಸದೆ, ಅಳೆಯದೆ ಚೆಲ್ಲುತ್ತೇವೆ. "ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು" ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಕಾಲದಲ್ಲಿ ಹಗುರವಾದ ಮಾತೊಂದು ಕೆಡಿಸುತ್ತಿದ್ದುದು ಒಂದು ಮನೆಯನ್ನು, ಹೆಚ್ಚೆಂದರೆ ಒಂದು ಓಣಿಯನ್ನು. ಅರಳಿಕಟ್ಟೆಯ ಮೇಲೆ ಕುಳಿತು ಆಡಿದ ಮಾತಿಗೆ ಎದುರಿಗಿದ್ದವರ ಮುಖವೇ ಅಂಕುಶವಾಗಿತ್ತು. ಕೇಳಿದವರು ಆಡಿದವನನ್ನು ಬಲ್ಲವರು. ಮರುದಿನವೂ ಅವನು ಅವರ ಮುಂದೆಯೇ ಹಾದುಹೋಗಬೇಕು. ಇಂದು ಅಂಗೈಯಗಲದ ಯಂತ್ರದಲ್ಲಿ ಆಡಿದ ಮಾತು ಕ್ಷಣಮಾತ್ರದಲ್ಲಿ ದೇಶಾಂತರಗಳನ್ನು ಮುಟ್ಟುತ್ತದೆ. ಆಡುವವನಿಗೆ ಕೇಳುವವನ ಮುಖ ಕಾಣುವುದಿಲ್ಲ. ಕೇಳುವವನಿಗೆ ಆಡುವವನ ಊರು ಹೆಸರುಗಳು ಗೊತ್ತಿರುವುದಿಲ್ಲ.

ಸಹೃದಯ ವಾಚಕರೇ, ಇಂತಹ ಕಾಲದಲ್ಲಿ ವಾಕ್ ಸ್ವಾತಂತ್ರ್ಯವೆಂದರೇನು? ಅದರ ಎಲ್ಲೆ ಯಾವುದು? ಈ ಪ್ರಶ್ನೆಗೆ ಮೂರು ಸಿದ್ಧ ಉತ್ತರಗಳು ಎಲ್ಲೆಡೆಯೂ ಕೇಳಿಬರುತ್ತವೆ. "ಆಟದಲ್ಲಿ, ಮನರಂಜನೆಯಲ್ಲಿ ರಾಜಕೀಯ ಬೇಡ" ಎಂಬುದು ಒಂದು. "ಸಂಸ್ಥೆ ಅವರದು, ಜಾಗ ಅವರದು, ಯಾರನ್ನು ಮಾತನಾಡಗೊಡಬೇಕೆಂಬುದು ಅವರ ಇಚ್ಛೆ" ಎಂಬುದು ಎರಡನೆಯದು. "ಸ್ವಾತಂತ್ರ್ಯವಿದ್ದ ಮೇಲೆ ಏನನ್ನಾದರೂ ಆಡಬಹುದು, ಅದು ನನ್ನ ಅಭಿಪ್ರಾಯ, ಅಷ್ಟೇ" ಎಂಬುದು ಮೂರನೆಯದು. ಇವನ್ನು ಆಡುವವರು ಕೆಟ್ಟವರೇನೂ ಅಲ್ಲ. ಆದರೆ ಈ ಉತ್ತರಗಳು ಒಂದು ನಿಜವಾದ ಪ್ರಸಂಗದ ಎದುರಿನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲವೆಂಬುದನ್ನು ಪರೀಕ್ಷಿಸಿ ನೋಡುವುದು ಯುಕ್ತ.

ಪ್ರಸಂಗವು 2019ರ ಅಕ್ಟೋಬರ್ ತಿಂಗಳಿನದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅರ್ವೈನ್ ನಗರದಲ್ಲಿರುವ ಬ್ಲಿಝಾರ್ಡ್ ಎಂಬ ಕಂಪನಿಯು ಗಣಕಯಂತ್ರದ ಆಟಗಳನ್ನು ನಿರ್ಮಿಸುತ್ತದೆ. ಅದು 2014ರಲ್ಲಿ ಹೊರತಂದ ಹಾರ್ತ್‌ಸ್ಟೋನ್ ಎಂಬುದು ಇಸ್ಪೀಟಿನಂತೆ ಎಲೆಗಳನ್ನು ಹಿಡಿದು ಇಬ್ಬರು ಆಡುವ ಆಟ. ಎಲೆಗಳು ಪರದೆಯ ಮೇಲಿರುತ್ತವೆ. ಎದುರಾಳಿಯು ಬೇರೊಂದು ದೇಶದಲ್ಲಿರಬಹುದು. ಇದನ್ನೇ ವೃತ್ತಿಯಾಗಿ ಆಡುವವರಿದ್ದಾರೆ. ಅವರಿಗಾಗಿ ದೊಡ್ಡ ಪಂದ್ಯಾವಳಿಗಳು ನಡೆಯುತ್ತವೆ. ಬಹುಮಾನದ ಹಣವೂ ಇರುತ್ತದೆ.

ಆ ವರ್ಷದ ಜೂನ್ ತಿಂಗಳಿನಿಂದ ಹಾಂಗ್‌ಕಾಂಗ್ ನಗರದಲ್ಲಿ ದೊಡ್ಡ ಜನಾಂದೋಲನ ನಡೆದಿತ್ತು. ಆಪಾದಿತರನ್ನು ವಿಚಾರಣೆಗಾಗಿ ಚೀನಾದ ಮುಖ್ಯಭೂಮಿಗೆ ಒಪ್ಪಿಸಲು ಅವಕಾಶ ಮಾಡಿಕೊಡುವ ಮಸೂದೆಯೊಂದು ಅದಕ್ಕೆ ಕಾರಣವಾಗಿದ್ದಿತು. ಅಕ್ಟೋಬರ್ 6ರಂದು ಬ್ಲಿಟ್ಸ್‌ಚುಂಗ್ ಎಂಬ ಆಟದ ಹೆಸರಿನಿಂದ ಪ್ರಸಿದ್ಧನಾಗಿದ್ದ ಹಾಂಗ್‌ಕಾಂಗಿನ ತರುಣನೊಬ್ಬನು ಪಂದ್ಯದ ನಂತರದ ಸಂದರ್ಶನಕ್ಕೆ ಅನಿಲ ತಡೆಯುವ ಮುಖವಾಡವನ್ನೂ ಕನ್ನಡಕವನ್ನೂ ಧರಿಸಿ ಬಂದನು. ಬೀದಿಯಲ್ಲಿ ಅಶ್ರುವಾಯುವನ್ನು ಎದುರಿಸುತ್ತಿದ್ದ ಅವನ ಊರಿನವರ ವೇಷವದು. ತನ್ನ ನಗರದ ವಿಮೋಚನೆಯನ್ನು ಕೋರುವ ಘೋಷಣೆಯೊಂದನ್ನು ಅವನು ಕೂಗಿದನು. ಸಂದರ್ಶನ ನಡೆಸುತ್ತಿದ್ದ ಇಬ್ಬರು ನಿರೂಪಕರು ಮೇಜಿನ ಹಿಂದೆ ತಲೆ ತಗ್ಗಿಸಿದರು. ನಡೆದುದು ಇಷ್ಟೇ.

ಎರಡು ದಿನಗಳೊಳಗೆ ಕಂಪನಿಯ ತೀರ್ಪು ಹೊರಬಿತ್ತು. ತರುಣನಿಗೆ ಒಂದು ವರ್ಷದ ನಿಷೇಧ. ಬಹುಮಾನದ ಹಣ ಇಲ್ಲ. ನಿರೂಪಕರಿಬ್ಬರೊಡನೆ ಇನ್ನು ಸಂಬಂಧವಿಲ್ಲ. ಸಾರ್ವಜನಿಕರಲ್ಲಿ ಒಂದು ಭಾಗದವರ ಮನಸ್ಸನ್ನಾದರೂ ನೋಯಿಸುವ ಅಥವಾ ಕಂಪನಿಯ ಕೀರ್ತಿಗೆ ಕುಂದು ತರುವ ಕೃತ್ಯವನ್ನು ಆಟಗಾರನು ಮಾಡಕೂಡದೆಂಬ ನಿಯಮವನ್ನು ಆಧಾರವಾಗಿ ತೋರಿಸಲಾಯಿತು. ಚೀನಾದ ಟೆನ್ಸೆಂಟ್ ಸಂಸ್ಥೆಗೆ ಆಗ ಬ್ಲಿಝಾರ್ಡ್‌ನ ಮಾತೃಸಂಸ್ಥೆಯಲ್ಲಿ ಶೇಕಡಾ 5ರಷ್ಟು ಪಾಲಿದ್ದಿತು. ಚೀನಾದ ಮಾರುಕಟ್ಟೆಯಂತೂ ಬಹು ದೊಡ್ಡದು. ಆದುದರಿಂದ ತೀರ್ಪಿನ ಹಿಂದೆ ವ್ಯಾಪಾರದ ಭಯವಿದೆಯೆಂದು ಲೋಕವು ಊಹಿಸಿತು. ಕಂಪನಿಯ ಅಧ್ಯಕ್ಷರು ಅದನ್ನು ನಿರಾಕರಿಸಿದರು. ಕಂಪನಿಯ ಅಂಗಳದಲ್ಲಿ "ಪ್ರತಿಯೊಂದು ದನಿಗೂ ಬೆಲೆಯಿದೆ" ಎಂಬರ್ಥದ ಫಲಕವೊಂದಿದ್ದಿತು. ಅದೇ ಕಂಪನಿಯ ನೌಕರರು ಆ ಫಲಕವನ್ನು ಕಾಗದದಿಂದ ಮುಚ್ಚಿದರು; ಕೆಲವರು ಕೊಡೆ ಹಿಡಿದು ಹೊರಗೆ ಬಂದು ನಿಂತರು. ಆ ವಾರ ಮುಗಿಯುವುದರೊಳಗೆ ಬಹುಮಾನವನ್ನು ಮರಳಿ ಕೊಡಲಾಯಿತು; ಆಟಗಾರನ ಶಿಕ್ಷೆ ಆರು ತಿಂಗಳಿಗೆ ಇಳಿಯಿತು; ನಿರೂಪಕರಿಗೂ ಅಷ್ಟೇ ಅವಧಿಯ ನಿಷೇಧವೆಂದಾಯಿತು. ನವೆಂಬರ್ 1ರಂದು ಅಧ್ಯಕ್ಷರು ಸಾರ್ವಜನಿಕ ವೇದಿಕೆಯ ಮೇಲೆ ಕ್ಷಮೆ ಕೋರಿದರು. ಆದರೆ ಆರು ತಿಂಗಳ ನಿಷೇಧವು ಹಾಗೆಯೇ ಉಳಿಯಿತು.

ಈಗ ಮೊದಲನೆಯ ಉತ್ತರವನ್ನು ತೆಗೆದುಕೊಳ್ಳೋಣ. ಆಟದ ಅಂಗಳದಲ್ಲಿ ರಾಜಕೀಯ ಬೇಡವೆಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ದಣಿದ ಮನುಷ್ಯನು ವಿಶ್ರಾಂತಿಗಾಗಿ ಬರುವ ಸ್ಥಳದಲ್ಲಿ ಪ್ರತಿಯೊಬ್ಬನೂ ತನ್ನ ಪಕ್ಷದ ಧ್ವಜವನ್ನು ನೆಡಹೊರಟರೆ ಆಟವೇ ಉಳಿಯದು. ಆದರೆ "ನಮಗೆ ರಾಜಕೀಯ ಬೇಡ" ಎನ್ನುವವನು ಸಾಮಾನ್ಯವಾಗಿ ರಾಜಕೀಯವು ಇನ್ನೂ ತನ್ನ ಬಾಗಿಲಿಗೆ ಬಾರದವನು. ಯಾರ ಬೀದಿಯಲ್ಲಿ ಅಶ್ರುವಾಯುವಿನ ಹೊಗೆ ತುಂಬಿದೆಯೋ ಅವನು ಅದನ್ನು ಬಾಗಿಲಾಚೆ ಬಿಟ್ಟು ಆಟಕ್ಕೆ ಬರುವುದು ಹೇಗೆ? ಅವನಿಗೆ ಅದು ಅಭಿಪ್ರಾಯವಾಗಿರಲಿಲ್ಲ, ಬದುಕಾಗಿತ್ತು.

ಎರಡನೆಯ ಉತ್ತರವು ಇನ್ನೂ ಗಟ್ಟಿಯಾದುದು. ಅಮೆರಿಕದ ಸಂವಿಧಾನದ ಮೊದಲನೆಯ ತಿದ್ದುಪಡಿಯು ಸರಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಖಾಸಗಿ ಕಂಪನಿಯ ಕೈಯನ್ನಲ್ಲ. ಅಷ್ಟೇ ಅಲ್ಲ, ಆ ತರುಣನು ಪಂದ್ಯದ ನಿಯಮಗಳಿಗೆ ಒಪ್ಪಿಗೆ ಕೊಟ್ಟೇ ಆಟಕ್ಕೆ ಇಳಿದಿದ್ದನು. ಕೊಟ್ಟ ಮಾತನ್ನು ಮುರಿಯುವುದು ಸಣ್ಣ ಸಂಗತಿಯಲ್ಲವೆಂದು ನಾವೆಲ್ಲರೂ ನಂಬಿದ್ದೇವೆ. ಹಾಗಾದರೆ ಕಂಪನಿಯದೇ ಸರಿಯೆನ್ನೋಣವೇ? ಇಲ್ಲಿ ಎರಡು ವಿಚಾರಗಳನ್ನು ಗಮನಿಸಬೇಕು. ಕಾನೂನು ಏನನ್ನು ತಡೆಯುವುದಿಲ್ಲವೋ ಅದೆಲ್ಲವೂ ಧರ್ಮವಾಗಲಾರದು; ಇದು ಮೊದಲನೆಯದು. "ಒಂದು ಭಾಗದವರ ಮನಸ್ಸು ನೋಯುವ ಕೃತ್ಯ" ಎಂಬ ನಿಯಮದ ಅರ್ಥವು ಶಿಕ್ಷೆ ವಿಧಿಸಿದ ಮೇಲೆ ಮಾತ್ರ ತಿಳಿಯತಕ್ಕದ್ದು; ಇದು ಎರಡನೆಯದು. ಯಾರ ಮನಸ್ಸು, ಎಷ್ಟು ನೋವು, ಅಳೆಯುವವರು ಯಾರು ಎಂಬುದು ಮೊದಲೇ ಗೊತ್ತಿಲ್ಲದಿದ್ದರೆ ಅದು ಒಪ್ಪಂದವಾಗದೆ ಬಲಶಾಲಿಯ ಕೈಗೆ ಕೊಟ್ಟ ಕೋಲಾಗುತ್ತದೆ.

ಈ ದೋಷವು ಹೊರದೇಶದ್ದು ಮಾತ್ರವೆಂದು ತಿಳಿಯಬಾರದು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ 66ಎ ಎಂಬ ಕಲಮು ಇದ್ದಿತು. ಕಿರಿಕಿರಿಯುಂಟುಮಾಡುವ, ಅತಿಯಾಗಿ ಮನನೋಯಿಸುವ ಸಂದೇಶಗಳನ್ನು ಕಳುಹಿಸಿದವರಿಗೆ ಅದು ಸೆರೆವಾಸ ವಿಧಿಸುತ್ತಿತ್ತು. 2012ರ ನವೆಂಬರಿನಲ್ಲಿ ಬಾಳ ಠಾಕರೆಯವರ ನಿಧನದ ತರುವಾಯ ಮುಂಬಯಿ ನಗರವು ಸ್ತಬ್ಧವಾದುದನ್ನು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿ ಪಾಲ್ಘರದ ತರುಣಿಯೊಬ್ಬಳು ನಾಲ್ಕು ಸಾಲು ಬರೆದಳು. ಮತ್ತೊಬ್ಬಳು ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದಳು. ಇಬ್ಬರನ್ನೂ ಬಂಧಿಸಲಾಯಿತು. ಶ್ರೇಯಾ ಸಿಂಘಾಲ್ ಎಂಬ ಯುವತಿಯು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಳು. 2015ರ ಮಾರ್ಚ್ 24ರಂದು ನ್ಯಾಯಾಲಯವು ಆ ಕಲಮನ್ನೇ ರದ್ದುಗೊಳಿಸಿತು. ಚರ್ಚಿಸುವುದು, ಪ್ರತಿಪಾದಿಸುವುದು, ಪ್ರಚೋದಿಸುವುದು ಎಂದು ಮಾತಿನಲ್ಲಿ ಮೂರು ಬಗೆಗಳನ್ನು ಗುರುತಿಸಿ, ಮೊದಲಿನೆರಡು ಎಷ್ಟೇ ಅಪ್ರಿಯವಾಗಿದ್ದರೂ ಸ್ವಾತಂತ್ರ್ಯದ ತಿರುಳೆಂದೂ, ಮಾತು ಪ್ರಚೋದನೆಯ ಮಟ್ಟವನ್ನು ಮುಟ್ಟಿದಾಗ ಮಾತ್ರ ಕಾನೂನಿಗೆ ಅಲ್ಲಿ ಪ್ರವೇಶವೆಂದೂ ಅದು ವಿವರಿಸಿತು. ನ್ಯಾಯಾಸ್ಥಾನದ ಈ ವಿಭಾಗಕ್ರಮವು ಮನೆಯ ಜಗುಲಿಗೂ ಉಪಯುಕ್ತವಾದುದು.

ಹಾಗೆಂದ ಮಾತ್ರಕ್ಕೆ ಮೂರನೆಯ ಉತ್ತರವು ಗೆದ್ದಿತೆಂದು ಭಾವಿಸಲಾಗದು. 2018ರ ಜುಲೈ 13ರಂದು ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದುದನ್ನು ನೆನೆಯಿರಿ. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುಳ್ಳು ವಾಟ್ಸ್‌ಆ್ಯಪಿನಲ್ಲಿ ಊರಿಂದೂರಿಗೆ ಹರಿದಿತ್ತು. ಕಾರಿನಲ್ಲಿ ಬಂದಿದ್ದ ಕೆಲವು ಪರಸ್ಥಳದವರನ್ನು ಕಳ್ಳರೆಂದೇ ಬಗೆದು ಗುಂಪು ಮೇಲೆ ಬಿದ್ದಿತು. ಹೈದರಾಬಾದಿನ ತರುಣ ಇಂಜಿನಿಯರೊಬ್ಬನು ಪ್ರಾಣ ಬಿಟ್ಟನು. ಅವನ ಸಂಗಡಿಗರು ಗಾಯಗೊಂಡರು. ಅದೇ ತಿಂಗಳಿನಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚು ಕಡೆಗೆ ಸಾಗಿಸದಂತೆ ಮಿತಿ ಹಾಕಿತು. ಯಂತ್ರಕ್ಕೆ ಮಿತಿ ಬಂದಿತು. ಹೋದ ಪ್ರಾಣ ಬರಲಿಲ್ಲ. ಆ ಸುಳ್ಳನ್ನು ಮುಂದೆ ಸಾಗಿಸಿದವರಲ್ಲಿ ಬಹುಮಂದಿ ಯಾರಿಗೂ ಕೇಡು ಬಗೆದವರಲ್ಲ. ಮಕ್ಕಳ ಮೇಲಿನ ಕಕ್ಕುಲತೆಯಿಂದಲೇ, "ಇರಲಿ, ನಾಲ್ಕು ಜನರಿಗೆ ತಿಳಿಯಲಿ" ಎಂದು ಬೆರಳು ಒತ್ತಿದವರು. ಹಗುರವಾದ ಮಾತಿನ ಭಯಂಕರತೆ ಇರುವುದು ಇಲ್ಲಿಯೇ. ಅದಕ್ಕೆ ದುಷ್ಟತನದ ಅಗತ್ಯವೂ ಇಲ್ಲ.

ಮುರ್ಕಿಯ ಸಂದೇಶವನ್ನೂ ಹಾಂಗ್‌ಕಾಂಗಿನ ತರುಣನ ಕೂಗನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಿರಿ. ಎರಡೂ ಯಂತ್ರದ ಮೂಲಕ ಹರಡಿದ ಮಾತುಗಳೇ. ಭೇದವೆಲ್ಲಿ? ತರುಣನು ತನ್ನ ಕಣ್ಣಿನಿಂದ ಕಂಡುದನ್ನು ಕುರಿತು ಆಡಿದನು. ಎಲ್ಲರೂ ಬಲ್ಲ ತನ್ನ ಹೆಸರಿನಲ್ಲಿ ಆಡಿದನು. ಅದರ ಬೆಲೆಯನ್ನು ತಾನೇ ತೆತ್ತನು. ಸುಳ್ಳನ್ನು ಸಾಗಿಸಿದವರು ತಾವು ಕಾಣದುದನ್ನು ಆಡಿದರು. ಅದರ ಬೆಲೆಯನ್ನು ದಾರಿಹೋಕನೊಬ್ಬನು ತನ್ನ ರಕ್ತದಿಂದ ತೆತ್ತನು. ಮಾತಿನ ಬೆಲೆಯನ್ನು ತೆರುವವರು ಯಾರೆಂಬ ಪ್ರಶ್ನೆಯೇ ಈ ವಿಚಾರದ ಕೀಲಿಕೈ.

ಆ ಅಕ್ಟೋಬರ್ ತಿಂಗಳಿನಲ್ಲಿಯೇ ನಡೆದ ಮತ್ತೊಂದು ಸಂಗತಿ ಇದನ್ನು ಸ್ಪಷ್ಟಪಡಿಸುತ್ತದೆ. ವಾಷಿಂಗ್ಟನ್ನಿನ ಅಮೆರಿಕನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವು ಅದೇ ಆಟದ ಪಂದ್ಯದಲ್ಲಿ ಹಾಂಗ್‌ಕಾಂಗಿನ ಪರವಾದ ಫಲಕವನ್ನು ಹಿಡಿಯಿತು. ಅವರಿಗೆ ಕೂಡಲೇ ಶಿಕ್ಷೆಯಾಗಲಿಲ್ಲ. ಅವರು ಅದನ್ನು ಭಾಗ್ಯವೆಂದು ಭಾವಿಸದೆ, ಒಂದೇ ತಪ್ಪಿಗೆ ಅವನಿಗೊಂದು ನ್ಯಾಯ, ತಮಗೊಂದು ನ್ಯಾಯವೇ ಎಂದು ಆಕ್ಷೇಪಿಸಿ ಮುಂದಿನ ಪಂದ್ಯದಿಂದ ಹಿಂದೆ ಸರಿದರು. ಕೊನೆಗೆ ಆರು ತಿಂಗಳ ನಿಷೇಧ ಬಂದಾಗ, ಎಲ್ಲರನ್ನೂ ಸಮನಾಗಿ ಕಂಡುದಕ್ಕೆ ಸಂತೋಷವೆಂದು ಅವರಲ್ಲೊಬ್ಬರು ತಿಳಿಸಿದರು. ತಮ್ಮ ಮಾತಿನ ಪಾಲಿನ ಬೆಲೆಯನ್ನು ಕೇಳಿ ಪಡೆದವರು ಇವರು.

ಇಲ್ಲಿ ವಾಚಕರಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಬೆಲೆ ತೆರುವುದೇ ಮಾತಿನ ಹಿರಿಮೆಯಾದರೆ ಬೆಲೆಯನ್ನು ಕೀಳುವವನು ನಿರಪರಾಧಿಯಾಗುವನೇ? ಖಂಡಿತ ಇಲ್ಲ. ಹಾಂಗ್‌ಕಾಂಗಿನಲ್ಲಿ 2020ರ ಜೂನ್ 30ರಂದು ರಾಷ್ಟ್ರೀಯ ಭದ್ರತಾ ಕಾನೂನು ಜಾರಿಗೆ ಬಂದಿತು. ಎರಡೇ ದಿನಗಳಲ್ಲಿ ಅಲ್ಲಿನ ಸರಕಾರವು ಆ ತರುಣ ಕೂಗಿದ್ದ ಘೋಷಣೆಯು ಪ್ರತ್ಯೇಕತೆಯನ್ನು ಸೂಚಿಸುತ್ತದೆಂದು ಸಾರಿತು. 2019ರಲ್ಲಿ ಬಹುಮಾನವನ್ನು ಕಳೆದ ಮಾತು ಮರುವರ್ಷವೇ ಸೆರೆಮನೆಯ ಬಾಗಿಲನ್ನು ತೆರೆಯಬಲ್ಲುದಾಯಿತು. ಇಷ್ಟು ಬೆಲೆಯನ್ನು ಎಲ್ಲರೂ ತೆರಲಾರರು. ಮನೆಯಲ್ಲಿ ಮಕ್ಕಳಿರುವವನು, ದಿನಗೂಲಿಯನ್ನು ನಂಬಿದವನು ಬಾಯಿ ಮುಚ್ಚಿಕೊಂಡರೆ ಅವನನ್ನು ಹೇಡಿಯೆನ್ನಲು ನಮಗೆ ಅಧಿಕಾರವಿಲ್ಲ. ಬೆಲೆ ತೆರಲು ಸಿದ್ಧವಿರುವುದು ಆಡುವವನು ತನ್ನ ಅಂತಃಸಾಕ್ಷಿಗೆ ಹಿಡಿದುಕೊಳ್ಳಬೇಕಾದ ಅಳತೆಗೋಲು. ಅಧಿಕಾರಿಯು ಪರರ ಮೇಲೆ ಬೀಸುವ ಚಾವಟಿಯಲ್ಲ. ಸತ್ಯವನ್ನು ಆಡುವುದು ಎಲ್ಲಿ ಅಗ್ಗವೋ, ಸುಳ್ಳನ್ನು ಆಡುವುದು ಎಲ್ಲಿ ತುಟ್ಟಿಯೋ ಅದು ಒಳ್ಳೆಯ ಸಮಾಜ.

ಇನ್ನೂ ಒಂದು ಎಚ್ಚರ ಅಗತ್ಯ. ಕಷ್ಟಪಟ್ಟ ಮಾತ್ರಕ್ಕೆ ಆಡಿದುದು ಸತ್ಯವಾಗುವುದಿಲ್ಲ. ಹಟಮಾರಿಯೂ ಶಿಕ್ಷೆ ಅನುಭವಿಸಬಲ್ಲನು. ಆದುದರಿಂದ ಅಳತೆಗೋಲು ಒಂದೇ ಸಾಲದು. ಇದು ನನಗೆ ನಿಜವಾಗಿ ತಿಳಿದಿದೆಯೇ, ಇದರ ಬೆಲೆಯನ್ನು ಯಾರು ತೆರುವರು, ಇದನ್ನು ಆ ಮನುಷ್ಯನ ಎದುರಿಗೆ ನಿಂತು ನನ್ನ ಹೆಸರು ಹೇಳಿ ಆಡಬಲ್ಲೆನೇ ಎಂಬ ಮೂರನ್ನೂ ಕೇಳಿಕೊಳ್ಳಬೇಕು. ಮೂರಕ್ಕೂ ಸಮಾಧಾನವಿದ್ದರೆ ಅಪ್ರಿಯವಾದರೂ ಆಡಬಹುದು. ಇಲ್ಲವಾದರೆ ಅದು ಪ್ರಿಯವಾದ ಮಾತಾದರೂ ನಾಲಿಗೆಯಲ್ಲೇ ಉಳಿಯುವುದು ಲೇಸು.

ಈ ಮಾತು ಯಂತ್ರವನ್ನು ಹಿಡಿದ ಎಳೆಯರಿಗೆ ಮಾತ್ರವೆಂದು ಹಿರಿಯರು ಪುಟ ತಿರುವಬಾರದು. ಈ ಪತ್ರಿಕೆಯ ವಾಚಕರಲ್ಲಿ ಶಾಲೆಗಳ ಆಡಳಿತ ಮಂಡಳಿಯವರಿದ್ದೀರಿ, ಸಹಕಾರಿ ಸಂಘಗಳ ಪದಾಧಿಕಾರಿಗಳಿದ್ದೀರಿ, ಮನೆಯ ಯಜಮಾನರಿದ್ದೀರಿ. ಅಂಗಳದ ಒಡೆತನವು ನಿಮ್ಮದೂ ಹೌದು. ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದ ಸದಸ್ಯನನ್ನು "ಇದು ಸಭೆಯ ಗೌರವಕ್ಕೆ ಕುಂದು" ಎಂದು ಕೂಡಿಸಿದಾಗ, ಬ್ಲಿಝಾರ್ಡ್ ಕಂಪನಿ ಮಾಡಿದುದಕ್ಕೂ ನಾವು ಮಾಡಿದುದಕ್ಕೂ ಅಂತರವೆಷ್ಟು? ನಿಯಮವಿದ್ದರೆ ಅದು ಮೊದಲೇ ಸ್ಪಷ್ಟವಾಗಿರಲಿ. ಬಂಧುವಿಗೂ ಪರನಿಗೂ ಒಂದೇ ಆಗಿರಲಿ. ತಪ್ಪಿಗೆ ತಕ್ಕಷ್ಟೇ ಶಿಕ್ಷೆಯಿರಲಿ. ಶಿಕ್ಷಿಸುವ ಮುನ್ನ ಅವನ ಮಾತನ್ನು ಪೂರ್ತಿ ಕೇಳುವ ತಾಳ್ಮೆಯಿರಲಿ. ಭಯದಿಂದ ಕಾಪಾಡಿಕೊಂಡ ಲಾಭವು ನಿಲ್ಲುತ್ತದೆಂಬ ಭರವಸೆಯೂ ಇಲ್ಲ. ಚೀನಾದ ಪಾಲುದಾರ ಸಂಸ್ಥೆಯೊಡನೆ ಒಪ್ಪಂದ ಮುರಿದು, 2023ರ ಜನವರಿಯಲ್ಲಿ ಬ್ಲಿಝಾರ್ಡ್‌ನ ಬಹುತೇಕ ಆಟಗಳು ಆ ದೇಶದಲ್ಲಿ ನಿಂತೇಹೋದವು, ಮರಳಿದುದು 2024ರಲ್ಲಿ. ಆ ತರುಣನ ಕೂಗಿಗೂ ಇದಕ್ಕೂ ಸಂಬಂಧವಿರಲಿಲ್ಲ. ಅವನನ್ನು ಮೌನಗೊಳಿಸಿದುದು ಆ ನಷ್ಟವನ್ನು ತಡೆಯಲೂ ಇಲ್ಲ.

ಪ್ರಿಯ ವಾಚಕರೇ, ಮುಂದಿನ ಸಲ ಯಾವುದೋ ಸಂದೇಶವನ್ನು ಸಾಗಿಸಲು ನಿಮ್ಮ ಬೆರಳು ಮುಂದಾದಾಗ ಒಂದು ಉಸಿರಿನಷ್ಟು ಹೊತ್ತು ತಡೆಯಿರಿ. ಮುಂದಿನ ಸಭೆಯಲ್ಲಿ ಯಾರೋ ಒಬ್ಬರು ನಿಮಗೆ ಹಿತವಲ್ಲದ ಮಾತನ್ನು ಎತ್ತಿದಾಗಲೂ ಅಷ್ಟೇ ಹೊತ್ತು ತಡೆಯಿರಿ. ತಡೆದ ಆ ಹೊತ್ತಿನಲ್ಲಿ ಈ ಮಾತಿನ ಬೆಲೆಯನ್ನು ತೆರುವವರು ಯಾರೆಂದು ಕೇಳಿಕೊಳ್ಳಿರಿ. ಉತ್ತರವು ಬೇರೊಬ್ಬರ ಹೆಸರಾಗಿದ್ದರೆ ಎರಡು ಸಂದರ್ಭಗಳಲ್ಲಿಯೂ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೇ ವಿಹಿತವಾದ ಮಾರ್ಗ.