ಊರನ್ನು ಕೊಟ್ಟು ಕೊಂಡ ಶಾಂತಿ

ಒಂದು ಊರನ್ನು ಬಿಟ್ಟುಕೊಟ್ಟರೆ ಹತ್ತು ಊರು ಉಳಿಯುತ್ತವೆ ಎಂದಾದರೆ ಬಿಟ್ಟುಕೊಡಬಹುದೇ? ಲೆಕ್ಕ ಹಾಕುವವರು ಹೌದು ಎನ್ನುತ್ತಾರೆ. ಆ ಒಂದು ಊರಿನವರನ್ನು ಕೇಳಿದರೆ?

ಈ ಪ್ರಶ್ನೆಯನ್ನು ಬದುಕಿ ನೋಡಿದವನು ಸಿಡೋನಿಯಸ್ ಅಪೊಲಿನಾರಿಸ್. ಗಾಲ್ ನಾಡಿನ, ಅಂದರೆ ಇಂದಿನ ಫ್ರಾನ್ಸಿನ, ಸಿರಿವಂತ ಮನೆತನದ ಕವಿ. ಚಕ್ರವರ್ತಿ ಅವಿಟಸ್‌ನ ಅಳಿಯ. 468ರಲ್ಲಿ ರೋಮ್ ನಗರದ ಆಡಳಿತಾಧಿಕಾರಿ. ಸುಮಾರು 470ರಲ್ಲಿ ಓವರ್ನ್ ಸೀಮೆಯ ಕ್ಲೆರ್ಮಾಂ ಪಟ್ಟಣಕ್ಕೆ ಬಿಷಪ್ ಆದ. ಆಗ ಪಶ್ಚಿಮ ರೋಮ್ ಸಾಮ್ರಾಜ್ಯ ಕುಸಿಯುತ್ತಿತ್ತು. ವಿಸಿಗಾಥ್ ದೊರೆ ಯೂರಿಕ್‌ನ ಸೇನೆ ಮತ್ತೆ ಮತ್ತೆ ಬಂದು ಊರಿಗೆ ಮುತ್ತಿಗೆ ಹಾಕುತ್ತಿತ್ತು, ಬೆಳೆ ಸುಡುತ್ತಿತ್ತು. ಬಿಷಪ್‌ನ ಭಾವಮೈದುನ ಎಕ್ಡಿಸಿಯಸ್ ಬೆರಳೆಣಿಕೆಯ ಸವಾರರೊಂದಿಗೆ ಕಾದಾಡಿದ. ಲಿಯಾನ್‌ನ ಬಿಷಪ್ ತನ್ನ ಖರ್ಚಿನಲ್ಲಿ ಧಾನ್ಯ ಕಳಿಸಿದ. ಊರು ಸೋಲಲಿಲ್ಲ.

ಆದರೂ 475ರಲ್ಲಿ ಚಕ್ರವರ್ತಿ ಜೂಲಿಯಸ್ ನೆಪೋಸ್ ಒಪ್ಪಂದ ಮಾಡಿಕೊಂಡ: ಓವರ್ನ್ ಯೂರಿಕ್‌ಗೆ, ಪ್ರೊವಾನ್ಸ್ ರೋಮ್‌ಗೆ. ಸಂಧಾನಕ್ಕೆ ಕೂತವರಲ್ಲಿ ನಾಲ್ವರು ಬಿಷಪ್‌ಗಳಿದ್ದರು. ಅವರಲ್ಲೊಬ್ಬನಾದ ಮಾರ್ಸೇಯ ಗ್ರೇಕಸ್‌ಗೆ ಸಿಡೋನಿಯಸ್ ಬರೆದ ಕಾಗದ ಉಳಿದಿದೆ. ಗೋಡೆಯ ಬಿರುಕಿನ ಹುಲ್ಲು ಕಿತ್ತು ತಿಂದವರನ್ನು ಮಾರಿ ನೀವು ನೆಮ್ಮದಿ ಕೊಂಡಿರಿ ಎಂಬುದು ಅದರ ತಿರುಳು.

ನೆಪೋಸ್‌ಗೂ ಕಷ್ಟವಿತ್ತು, ನಿಜ. ಕಾಯಲು ಬಲವಿಲ್ಲದವನು ಏನನ್ನಾದರೂ ಬಿಡಲೇಬೇಕು. ಪ್ರಾಜೆಕ್ಟ್ ನಡೆಸುವ ನಾವೂ ಡೆಡ್‌ಲೈನ್ ಉಳಿಸಲು ಒಂದು ಫೀಚರ್ ಕೈಬಿಡುತ್ತೇವೆ. ಆದರೆ ಫೀಚರ್‌ಗೆ ಹಸಿವಾಗುವುದಿಲ್ಲ. ಊರಿನ ವಿಷಯದಲ್ಲಿ ಲಾಭ ಒಬ್ಬರದು, ನಷ್ಟ ಇನ್ನೊಬ್ಬರದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂಡಿ ಕಳೆದು ಉತ್ತರ ಸರಿಯಿದೆ ಎನ್ನಲಾಗದು. ಇಲ್ಲಂತೂ ಆ ಲಾಭವೂ ನಿಲ್ಲಲಿಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ರೊವಾನ್ಸ್ ಕೂಡ ಯೂರಿಕ್‌ನ ವಶವಾಯಿತು.

ಯೂರಿಕ್ ಸಿಡೋನಿಯಸ್‌ನನ್ನು ಕಾರ್ಕಸೋನ್ ಬಳಿಯ ಕೋಟೆಯೊಂದರಲ್ಲಿ ಇರಿಸಿದ. ಮುಂದೆ ಸಿಡೋನಿಯಸ್ ಅದೇ ಯೂರಿಕ್‌ನನ್ನು ಹೊಗಳಿ ಪದ್ಯ ಬರೆದ. ಹಿಂದೆ ಮೂವರು ಚಕ್ರವರ್ತಿಗಳನ್ನು ಹೊಗಳಿದ್ದವನು ಅವನು. ಆಸ್ತಿಯ ಚಿಂತೆಯೂ ಅವನಿಗಿತ್ತು. ಅವಕಾಶವಾದಿ ಎಂದುಬಿಡುವುದು ಸುಲಭ. ಆದರೆ ಬಿಡುಗಡೆಯಾದ ಮೇಲೆ ಅವನು ಹೋಗಿದ್ದು ಕ್ಲೆರ್ಮಾಂಗೆ. ಸಾಯುವವರೆಗೂ ಅಲ್ಲಿಯೇ ಬಿಷಪ್ ಆಗಿದ್ದ. ಬಾವುಟ ಬದಲಾದರೂ ಊರಿನ ಜನ ಅವರೇ ಇದ್ದರು. ಅವರಿಗಾಗಿ ಹೊಸ ದೊರೆಯೆದುರು ತಲೆ ಬಾಗಿಸಿದ್ದು ನನಗೆ ದ್ರೋಹವಾಗಿ ಕಾಣುವುದಿಲ್ಲ. ದ್ರೋಹ ಎಂಬ ಮಾತು ಬೇಕೇ ಬೇಕೆಂದರೆ, ಆ ಊರಿನವರನ್ನು ಒಂದು ಮಾತೂ ಕೇಳದೆ ದೂರದಲ್ಲಿ ಕೂತು ಸಹಿ ಹಾಕಿದವರಿಗೆ ಅದು ಹೆಚ್ಚು ಸಲ್ಲುತ್ತದೆ.