ತಾಯಿಯ ಹೆಸರು ಎಂಬ ಕಾಲಮ್ಮು

ಟೇಬಲ್ಲಿನ ಒಂದು ಸಾಲು ಒಂದು ವಸ್ತು, ಕಾಲಮ್ಮು ಅದರ ಗುಣ, ಹಾಗೆಯೇ ಎತ್ತಿ ದತ್ತಾಂಶದ ಅರ್ಥವನ್ನು ಯಂತ್ರಗಳಿಗೂ ತಿಳಿಯುವಂತೆ ಬರೆದಿಡುವ ಸೆಮ್ಯಾಂಟಿಕ್ ವೆಬ್ಬಿಗೆ ಇಟ್ಟರೆ ಕೆಲಸ ಮುಗಿಯಿತು ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಯಾರೋ ದಾರಿಹೋಕರು ಹೇಳಿದ್ದರೆ ಬಿಟ್ಟುಬಿಡಬಹುದಿತ್ತು. ವೆಬ್ಬನ್ನೇ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರ ಟಿಪ್ಪಣಿಯೊಂದರಲ್ಲಿ ಹೇಳಿದ್ದು ಇದನ್ನೇ: ರೆಕಾರ್ಡು ಸೆಮ್ಯಾಂಟಿಕ್ ವೆಬ್ಬಿನ ದತ್ತಾಂಶ ಮಾದರಿಯಾದ ಆರ್‌ಡಿಎಫ್‌ನ ನೋಡ್, ಕಾಲಮ್ಮಿನ ಹೆಸರು ಗುಣ, ಕೋಶದೊಳಗಿನದು ಮೌಲ್ಯ.

ಡೇಟಾಬೇಸ್ ವಿನ್ಯಾಸದ ವಸ್ತು-ಸಂಬಂಧ ಮಾದರಿಯನ್ನು 1976ರಲ್ಲಿ ಮಂಡಿಸಿದ ಪೀಟರ್ ಚೆನ್ ಇಷ್ಟು ಧೈರ್ಯ ತೋರಲಿಲ್ಲ. ಮದುವೆ ಒಬ್ಬರಿಗೆ ವಸ್ತುವಾಗಿಯೂ ಇನ್ನೊಬ್ಬರಿಗೆ ಸಂಬಂಧವಾಗಿಯೂ ಕಾಣಬಹುದು, ತೀರ್ಮಾನ ಆಯಾ ಸಂಸ್ಥೆಗೆ ಬಿಟ್ಟದ್ದು ಎಂದು ಅವರೇ ಬರೆದರು. ಹಾಗಾದರೆ ಟೇಬಲ್ಲೆಂಬುದು ಒಂದು ಕಚೇರಿ ತನ್ನ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ. ಅದರಲ್ಲಿ ಬರೆಯದ ಷರತ್ತುಗಳೇ ಹೆಚ್ಚು: ಪಟ್ಟಿಯಲ್ಲಿಲ್ಲದವನು ಇಲ್ಲವೇ ಇಲ್ಲ; ಐಡಿ ಎರಡಿದ್ದರೆ ಜನ ಇಬ್ಬರು. ಸೆಮ್ಯಾಂಟಿಕ್ ವೆಬ್ಬಿನಲ್ಲಿ ಈ ಎರಡೂ ಸಲ್ಲುವುದಿಲ್ಲ. ಅಲ್ಲಿ ಹೇಳದೆ ಉಳಿದದ್ದು ಇನ್ನೂ ತಿಳಿಯದ್ದು, ಅಷ್ಟೇ. ಎರಡು ಐಡಿ ಒಬ್ಬರದ್ದೇ ಇದ್ದೀತು.

ನಮ್ಮಮ್ಮನಿಗೆ ತವರಿನ ಹೆಸರೊಂದು, ಮದುವೆಯಲ್ಲಿ ಇಟ್ಟ ಹೆಸರೊಂದು. ನನ್ನ ಅಂಕಪಟ್ಟಿಯಲ್ಲಿ ಮೊದಲನೆಯದು, ಆಸ್ತಿಯ ಕಾಗದದಲ್ಲಿ ಎರಡನೆಯದು. ಕಚೇರಿಯ ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು. ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಇದೇ ದಾಖಲೆಗಳನ್ನು ಸೆಮ್ಯಾಂಟಿಕ್ ವೆಬ್ಬಿನ ತರ್ಕದ ಭಾಷೆಯಾದ ಔಲ್‌ಗೆ (OWL) ತಂದು, ಒಬ್ಬರಿಗೆ ತಾಯಿ ಒಬ್ಬಳೇ ಎಂದು ಸಾರಿದರೆ? ಡೇಟಾಬೇಸ್ ಆಗಿದ್ದರೆ ಎರಡನೆಯ ತಾಯಿಯನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಔಲ್ ಬಿಟ್ಟುಕೊಂಡು, ಹಾಗಾದರೆ ಇವರಿಬ್ಬರೂ ಒಬ್ಬರೇ ಎಂದು ತರ್ಕಿಸುತ್ತದೆ. ಅಫಿಡವಿಟ್ ಹೇಳಿದ್ದನ್ನೇ, ಸ್ಟಾಂಪ್ ಪೇಪರಿನ ಖರ್ಚಿಲ್ಲದೆ! ಇಲ್ಲಿ ಬರ್ನರ್ಸ್-ಲೀ ಪಾಳಯಕ್ಕೆ ನಾನು ಜಾಗ ಬಿಟ್ಟುಕೊಡಲೇಬೇಕು. ನಮ್ಮ ಮನೆಯ ಸತ್ಯಕ್ಕೆ ಹತ್ತಿರವಿರುವುದು ಅವರ ಲೋಕವೇ.

ಆದರೆ ನನ್ನ ಗೆಳೆಯನೊಬ್ಬನನ್ನು ಹೆತ್ತವರು ಬೇರೆ, ಸಾಕಿದ ಚಿಕ್ಕಮ್ಮ ಬೇರೆ. ಒಂದೊಂದು ಫಾರ್ಮಿನಲ್ಲಿ ಒಬ್ಬೊಬ್ಬರು ತಾಯಿ. ಅದೇ ನಿಯಮ ಅವರಿಬ್ಬರನ್ನೂ ಒಂದು ಮಾಡಿ, ತೀರಿಕೊಂಡವರ ಮರಣದ ದಿನಾಂಕವನ್ನು ಬದುಕಿರುವವರಿಗೆ ಅಂಟಿಸುತ್ತದೆ. ಇವರು ಬೇರೆ, ಅವರು ಬೇರೆ ಎಂದು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಎಲ್ಲೋ ತಪ್ಪಿದೆಯೆಂದು ಕೂಗುತ್ತದೆ. ಯಾರು ಬರೆದಿಡುತ್ತಾರೆ?

ಇಂಥ ಟೇಬಲ್ಲುಗಳನ್ನು ಆರ್‌ಡಿಎಫ್‌ಗೆ ತರಲೆಂದೇ 2012ರ ಸೆಪ್ಟೆಂಬರ್ 27ರಂದು ವೆಬ್ಬಿನ ಮಾನಕ ಸಂಸ್ಥೆ ಡಬ್ಲ್ಯೂ3ಸಿ ಒಟ್ಟಿಗೇ ಎರಡು ಮಾನಕಗಳನ್ನು ಹೊರಡಿಸಿತು: ಟೇಬಲ್ಲನ್ನು ಇದ್ದಹಾಗೆ ಎತ್ತಿಡುವ ಡೈರೆಕ್ಟ್ ಮ್ಯಾಪಿಂಗ್, ಬೇಕಾದ ಪದಕೋಶಕ್ಕೆ ಹೊಂದಿಸಿಕೊಳ್ಳುವ ಆರ್2ಆರ್‌ಎಂಎಲ್. ಮೊದಲನೆಯದೇ ಸಾಕಾಗಿದ್ದರೆ ಎರಡನೆಯದೇಕೆ ಎಂದು ನಾನು ಗೆಲುವಿನ ನಗೆ ನಗಬಹುದು. ಆ ನಗೆ ಹೆಚ್ಚು ಹೊತ್ತು ನಿಲ್ಲದು. ಕೂತು ಹೊಂದಿಸುವವನಿಗಾದರೂ ಗೆಳೆಯನ ಮನೆಯ ಸಂಗತಿ ಹೇಗೆ ತಿಳಿಯಬೇಕು? ಆರ್‌ಡಿಎಫ್ ದತ್ತಾಂಶವನ್ನು ಪರೀಕ್ಷಿಸಲು 2017ರಲ್ಲಿ ಬಂದ ಶ್ಯಾಕಲ್ (SHACL) ಎಂಬ ಮಾನಕ ಡೇಟಾಬೇಸಿನಂಥ ಕಟ್ಟುನಿಟ್ಟಿನ ತಪಾಸಣೆಯನ್ನು ಮರಳಿ ತಂದಿತು, ನಿಜ. ತಾಯಿ ಇಬ್ಬರಿದ್ದರೆ ತಪ್ಪು ಎಂದು ಅದರಲ್ಲಿ ಬರೆದರೆ ನಮ್ಮಮ್ಮ ಮತ್ತೆ ನೋಟರಿಯ ಬಾಗಿಲಿಗೆ.

ಮ್ಯಾಪಿಂಗ್ ಬರೆಯಲು ಕೂರುವವರಲ್ಲಿ ಒಂದು ಕೋರಿಕೆ: ಟೇಬಲ್ಲು ಕಟ್ಟಿದವರು ಇನ್ನೂ ಕೆಲಸದಲ್ಲಿದ್ದರೆ ಮೊದಲು ಅವರನ್ನು ಹುಡುಕಿ, ಆ ಕಾಲಮ್ಮಿನಲ್ಲಿ ಯಾವ ತಾಯಿಯನ್ನು ಕೇಳಿದ್ದಿರೆಂದು ವಿಚಾರಿಸಿ. ಅವರೂ ಯೋಚಿಸಿರಲಿಕ್ಕಿಲ್ಲ.