ಹೊರಲ್ಪಟ್ಟವನು ಹೊರುವವನಾದದ್ದು



ಕಪೆರ್ನೌಮಿನಲ್ಲಿ ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಳಿಗೆಯನ್ನು ತೆರೆದು, ಯೇಸುಸ್ವಾಮಿಯ ಮುಂದೆ ಇಳಿಸಿದ ಸಂಗತಿಯನ್ನು ನೀವು ಬಲ್ಲಿರಿ. ಕರ್ತನು ಅವನ ಪಾಪಗಳನ್ನು ಕ್ಷಮಿಸಿ, ಅವನನ್ನು ಎಬ್ಬಿಸಿದ್ದಲ್ಲದೆ, ಅವನ ಹಾಸಿಗೆಯನ್ನು ಅವನಿಂದಲೇ ಹೊರಿಸಿದನು. ಇದನ್ನು ಚೆನ್ನಾಗಿ ಗಮನಿಸಿರಿ. ರೋಗಿಗೆ ಕರುಣೆ ಹೇಗೋ ಹಾಗೆಯೇ ಕೆಲಸವೂ ಬೇಕು.

ಇದಕ್ಕೆ ದೃಷ್ಟಾಂತವೊಂದುಂಟು. ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ತಪ್ಪಿದ ಸಿಪಾಯಿಗಳನ್ನು ಪೂರ್ವದಲ್ಲಿ ಸುಮ್ಮನೆ ಮಲಗಿಸಿಬಿಡುತ್ತಿದ್ದರು. ಹಾಸಿಗೆಹುಣ್ಣುಗಳಿಂದಲೂ ಮೂತ್ರದ ಸೋಂಕಿನಿಂದಲೂ ಅನೇಕರು ಬೇಗನೆ ಸಾಯುತ್ತಿದ್ದರು. 1939ರಲ್ಲಿ ಹಿಟ್ಲರನ ಜರ್ಮನಿಯಿಂದ ಇಂಗ್ಲೆಂಡಿಗೆ ಓಡಿಬಂದ ಲುಡ್ವಿಗ್ ಗುಟ್‌ಮನ್ ಎಂಬ ಯೆಹೂದ್ಯ ವೈದ್ಯನು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರ ಭಾರವನ್ನು ವಹಿಸಿಕೊಂಡನು. ಹಗಲೂ ರಾತ್ರಿಯೂ ಎರಡೆರಡು ತಾಸಿಗೊಮ್ಮೆ ಅವರನ್ನು ಮಗ್ಗುಲು ಹೊರಳಿಸುವ ಏರ್ಪಾಡು ಮಾಡಿದನು. ಆದರೆ ಹುಣ್ಣು ಮಾಯ್ದ ಮಾತ್ರಕ್ಕೆ ಬದುಕುವ ಆಶೆ ಹುಟ್ಟುವದೋ? ಆದದರಿಂದ ಅವರನ್ನು ಗಾಲಿಕುರ್ಚಿಯಲ್ಲಿ ಕೂಡ್ರಿಸಿ, ಅವರ ಕೈಗೆ ಚೆಂಡನ್ನೂ ಬಿಲ್ಲನ್ನೂ ಕೊಟ್ಟನು. 1948ರ ಜುಲೈ 29ರಂದು, ಲಂಡನಿನಲ್ಲಿ ಒಲಿಂಪಿಕ್ ಆಟಗಳು ಆರಂಭವಾದ ದಿನದಲ್ಲೇ, ಗಾಯಗೊಂಡ 14 ಗಂಡಸರೂ 2 ಹೆಂಗಸರೂ ಆ ಆಸ್ಪತ್ರೆಯ ಹುಲ್ಲುಬಯಲಿನಲ್ಲಿ ಬಾಣ ಬಿಡುವ ಪಂದ್ಯವಾಡಿದರು. 1960ರಲ್ಲಿ ರೋಮ್ ಪಟ್ಟಣದಲ್ಲಿ ಇಂಥ ಪಂದ್ಯಕ್ಕೆ 23 ದೇಶಗಳವರು ಕೂಡಿಬಂದರು. ನಮ್ಮ ದೇಶದ ಸಿಪಾಯಿ ಮುರಳೀಕಾಂತ ಪೇಟ್ಕರನು 1965ರ ಯುದ್ಧದಲ್ಲಿ ಗುಂಡು ತಗಲಿ ಅಂಗಹೀನನಾದರೂ, 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ 50 ಮೀಟರ್ ಈಜಿ ಚಿನ್ನದ ಪದಕವನ್ನು ಪಡೆದನು.

ಇವರ ಕಾಲುಗಳು ಮೊದಲಿನಂತೆ ಆಗಲಿಲ್ಲ. ಆದರೂ ಮನುಷ್ಯರು ಎದ್ದರು. ಇದಕ್ಕೆ ವೈದ್ಯನ ಬುದ್ಧಿಯೊಂದೇ ಸಾಲದು. ನಿಂತು ನಡೆಯುವವನು ಧೈರ್ಯ ಹೇಳಿದರೆ, ಬಿದ್ದವನು ಮುಖ ತಿರುಗಿಸಿಕೊಳ್ಳಬಹುದು. ತನ್ನಂತೆಯೇ ಬಿದ್ದವನೊಬ್ಬನು ಪಕ್ಕದಲ್ಲಿ ಬಿಲ್ಲನ್ನು ಎಳೆಯುವದನ್ನು ಕಂಡರೆ, ಅವನ ಕೈಯೂ ತಾನಾಗಿ ಮುಂದಕ್ಕೆ ಚಾಚುವದು.

ಹಾಗಾದರೆ ನಾವು ಮಾಡತಕ್ಕದ್ದೇನು? ನಮ್ಮ ಊರುಗಳಲ್ಲಿಯೂ ಮರದಿಂದ ಬಿದ್ದವರು, ಗಾಡಿಗೆ ಸಿಕ್ಕಿದವರು, ದಂಡಿನಿಂದ ಗಾಯಗೊಂಡು ಬಂದವರು ಇದ್ದಾರೆ. ಅವರಿಗೆ ಮೂಲೆಯಲ್ಲಿ ಚಾಪೆ ಹಾಸಿ, ಗಂಜಿ ಇಟ್ಟು, "ಅಯ್ಯೋ ಪಾಪ" ಅನ್ನುವದರಿಂದ ನಮ್ಮ ಋಣ ತೀರಿತೆಂದು ನೆನಸಬೇಡಿರಿ. ಅವರ ಮಗ್ಗುಲು ಹೊರಳಿಸಿರಿ, ಹುಣ್ಣು ತೊಳೆಯಿರಿ. ಬಳಿಕ ಅಂಗಳಕ್ಕೆ ಕರತಂದು, ಕೈಗೆ ತಕ್ಕ ಕೆಲಸವನ್ನೂ ಆಟವನ್ನೂ ಕೊಡಿರಿ. ನೆರೆಯೂರಿನಲ್ಲಿ ಅಂಥ ನೋವುಂಡವನಿದ್ದರೆ, ಗಾಡಿ ಕಟ್ಟಿ ಕರತಂದು ಇಬ್ಬರನ್ನೂ ಒಟ್ಟಿಗೆ ಕೂಡ್ರಿಸಿರಿ. ಅವರು ಮಾತಾಡಿಕೊಳ್ಳಲಿ.

ಆ ನಾಲ್ವರ ಹೆಸರುಗಳು ಎಲ್ಲಿಯೂ ಬರೆಯಲ್ಪಟ್ಟಿಲ್ಲ. ಆದರೆ ಅವರ ನಂಬಿಕೆಯನ್ನು ಕರ್ತನು ಕಂಡನು. ಅಂಥ ನಾಲ್ವರು ನಮ್ಮ ಒಂದೊಂದು ಸಭೆಯಲ್ಲಿಯೂ ಏಳಲಿ. ಆಮೆನ್.